ಠರಾವಿಗೆ ರೈಲು ನಿಲ್ಲುವುದಿಲ್ಲ

ಪಂಚಾಯಿತಿಗಳಿಂದ ನನ್ನ ಕಚೇರಿಗೆ ಬರುವ ಕಡತಗಳಲ್ಲಿ ಒಂದು ಹಾಳೆ ಮಾತ್ರ ತಪ್ಪುವುದಿಲ್ಲ: ‘ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಠರಾಯಿಸಲಾಯಿತು.’ ಕೆಳಗೆ ದುಂಡು ಮೊಹರು, ಸದಸ್ಯರ ಸಹಿ, ಒಂದೆರಡು ಹೆಬ್ಬೆಟ್ಟು. ಕಳೆದ ತಿಂಗಳು ಅಧ್ಯಕ್ಷರೊಬ್ಬರು ತಂದ ಠರಾವು ಕಲ್ಲಿದ್ದಲಿನ ಗೂಡ್ಸ್ ರೈಲುಗಳ ವಿರುದ್ಧ. ಊರ ಗೇಟು ಸದಾ ಬಂದ್, ಒಣಹಾಕಿದ ಬಟ್ಟೆಯ ಮೇಲೆ ಕರಿ ಪುಡಿ. “ಇದರ ಮೇಲೆ ಸ್ಟೇ ಸಿಗಬಹುದಲ್ಲವೇ ವಕೀಲರೇ?”

ಸಿಗುವುದಿಲ್ಲ. ಬೇರೆ ಕಾನೂನು ಏನೇ ಹೇಳಲಿ, ಭೂಸ್ವಾಧೀನದ ನಿಯಮಗಳನ್ನು ಪಾಲಿಸಿದರೆ ಹಳಿ ಹಾಕುವ ಅಧಿಕಾರವನ್ನು 1989ರ ರೈಲ್ವೆ ಕಾಯ್ದೆಯ 11ನೇ ಕಲಮು ರೈಲ್ವೆಗೆ ಕೊಟ್ಟಿದೆ. ಅಮೆರಿಕದಲ್ಲೂ ಹೆಚ್ಚುಕಡಿಮೆ ಹೀಗೆಯೇ. 1995ರ ಕಾಯ್ದೆಯ ಪ್ರಕಾರ ಅಲ್ಲಿ ರೈಲು ಸಾಗಣೆ ಕೇಂದ್ರದ ಮಂಡಳಿಯ ಸುಪರ್ದಿಯಲ್ಲಿದೆ. ನಗರಸಭೆಗಳು ಅದಕ್ಕೆ ಕೈ ಹಾಕುವಂತಿಲ್ಲ. ಆದರೂ ಅಲ್ಲಿನ ಪಶ್ಚಿಮ ಕರಾವಳಿಯ ದೊಡ್ಡ ಕಲ್ಲಿದ್ದಲು ರಫ್ತು ಯೋಜನೆಗಳು ನೆಲಕಚ್ಚಿದವು. ಅಧ್ಯಕ್ಷರಿಗೆ ಆ ಕಥೆಯನ್ನೇ ಹೇಳಿದೆ.

ವಯೋಮಿಂಗ್, ಮೊಂಟಾನಾ ಗಣಿಗಳ ಕಲ್ಲಿದ್ದಲನ್ನು ರೈಲಿನಲ್ಲಿ ಕರಾವಳಿಗೆ ತಂದು, ಹಡಗಿಗೆ ತುಂಬಿ ಏಷ್ಯಾಕ್ಕೆ ಕಳಿಸುವುದು ಕಂಪನಿಗಳ ಲೆಕ್ಕಾಚಾರ. 2012ರಲ್ಲಿ ಸಿಯಾಟಲ್ ನಗರಸಭೆ ವಿರೋಧದ ಠರಾವು ಮಾಡಿತು. ಪತ್ರಿಕೆಗಳಲ್ಲಿ ಬಂತು, ಅಷ್ಟೆ. ನಿಜವಾದ ಕೆಲಸ ನಡೆದದ್ದು ವಾಷಿಂಗ್ಟನ್ ರಾಜ್ಯದ ಲಾಂಗ್‌ವ್ಯೂ ಎಂಬ ನದೀತೀರದ ಊರಿನಲ್ಲಿ. ವರ್ಷಕ್ಕೆ 4.4 ಕೋಟಿ ಟನ್ ಸಾಮರ್ಥ್ಯದ ರಫ್ತು ಕಟ್ಟೆ ಅಲ್ಲಿ ಬರಬೇಕಿತ್ತು. ದಿನಕ್ಕೆ ತುಂಬಿದ ರೈಲು ಎಂಟು, ಮರಳುವ ಖಾಲಿ ರೈಲು ಎಂಟು. ಒಂದೊಂದಕ್ಕೂ 125 ವ್ಯಾಗನ್. ನಮ್ಮ 58 ವ್ಯಾಗನ್ನುಗಳ ಗೂಡ್ಸ್ ರೈಲು ಮುಕ್ಕಾಲು ಕಿಲೋಮೀಟರ್ ಕೂಡ ಇರುವುದಿಲ್ಲ, ಅದು ಎರಡು ಕಿಲೋಮೀಟರ್ ಮೀರುತ್ತದೆ. ಗಂಟೆಗೆ 16 ಕಿ.ಮೀ. ವೇಗದಲ್ಲಿ ದಾಟಿದರೆ ಗೇಟು ಏಳೆಂಟು ನಿಮಿಷ ಮುಚ್ಚಿರಬೇಕು. ಹದಿನಾರು ಸಲ ಎಂದರೆ ದಿನಕ್ಕೆ ಸುಮಾರು ಎರಡು ಗಂಟೆ. ಆಂಬುಲೆನ್ಸ್‌ಗೂ ಅದೇ ಗೇಟು.

ಕೌಂಟಿ (ಅಲ್ಲಿನ ಜಿಲ್ಲಾಡಳಿತ) ಮತ್ತು ರಾಜ್ಯದ ಪರಿಸರ ಇಲಾಖೆ ಸೇರಿ ಇಂಥವನ್ನೆಲ್ಲ ಅಳೆದು 2017ರ ಏಪ್ರಿಲ್‌ನಲ್ಲಿ ಪರಿಣಾಮ ವರದಿ ಹೊರತಂದವು. ಎಂಜಿನ್ನುಗಳ ಡೀಸೆಲ್ ಹೊಗೆಯಿಂದ ಹಳಿಯ ಪಕ್ಕದ ಬಡಾವಣೆಯಲ್ಲಿ ಕ್ಯಾನ್ಸರ್ ಅಪಾಯ ಹೆಚ್ಚುವುದೂ ಅದರಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಇಲಾಖೆ ನೀರಿನ ಗುಣಮಟ್ಟದ ಪ್ರಮಾಣಪತ್ರ ನಿರಾಕರಿಸಿತು. ನವೆಂಬರ್‌ನಲ್ಲಿ ಕೌಂಟಿಯ ವಿಚಾರಣಾಧಿಕಾರಿ ತೀರ ಪ್ರದೇಶದ ಪರವಾನಗಿ ನಿರಾಕರಿಸಿದರು. ರೈಲನ್ನು ಯಾರೂ ಮುಟ್ಟಲಿಲ್ಲ, ರೈಲು ಸರಕು ಇಳಿಸುವ ನೆಲವನ್ನು ಹಿಡಿದರು. ರೈಲ್ವೆ ಕಾನೂನಿನ ರಕ್ಷಣೆ ತನಗೂ ಉಂಟು ಎಂದು ರಫ್ತು ಕಟ್ಟೆಯ ಕಂಪನಿ ಕೋರ್ಟಿಗೆ ಹೋಯಿತು. ನೀವು ರೈಲು ಕಂಪನಿಯಲ್ಲ ಎಂದು ನ್ಯಾಯಾಧೀಶರು ಆ ವಾದವನ್ನು ತಳ್ಳಿಹಾಕಿದರು. 2020ರ ಕೊನೆಗೆ ಕಂಪನಿ ದಿವಾಳಿ ಅರ್ಜಿ ಹಾಕಿತು.

ಅಧ್ಯಕ್ಷರ ಮುಖ ಅರಳಿತು. ಆಗ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಕಥೆಯನ್ನೂ ಹೇಳಬೇಕಾಯಿತು. 2016ರಲ್ಲಿ ಆ ನಗರಸಭೆ ಬರೀ ಠರಾವಲ್ಲ, ಕಲ್ಲಿದ್ದಲು ದಾಸ್ತಾನಿಗೇ ನಿಷೇಧ ಹೇರಿತು. ಆದರೆ ರಫ್ತು ಕಟ್ಟೆ ಬರಬೇಕಿದ್ದ ಹಳೆಯ ಸೇನಾ ನೆಲೆಯ ಜಾಗದ ಬಗ್ಗೆ ಕಟ್ಟುವವರೊಂದಿಗೆ 2013ರಲ್ಲೇ ಒಪ್ಪಂದಕ್ಕೆ ಸಹಿ ಹಾಕಿಯಾಗಿತ್ತು. ಆಮೇಲೆ ಮಾಡಿದ ನಿಯಮ ಅನ್ವಯಿಸಬೇಕಾದರೆ ಜನರ ಆರೋಗ್ಯಕ್ಕೆ ಗಣನೀಯ ಅಪಾಯವಿದೆ ಎಂಬುದಕ್ಕೆ ಗಟ್ಟಿ ಪುರಾವೆ ಬೇಕಿತ್ತು. ನಗರಸಭೆ ಒದಗಿಸಿದ ಪುರಾವೆಯಲ್ಲಿ ತೂತುಗಳಿದ್ದವು. 2018ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ನಗರಸಭೆ ಸೋತಿತು, 2020ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಸಹಿ ಹಾಕುವಾಗ ಓದದವರು ಆಮೇಲೆ ವಕೀಲರ ಫೀಸು ಕಟ್ಟುತ್ತಾರೆ. ನನ್ನ ಹೊಟ್ಟೆಪಾಡು ನಡೆಯುವುದೂ ಅದರಿಂದಲೇ ಅನ್ನಿ.

ನಮ್ಮ ಪಕ್ಕದಲ್ಲೂ ಉದಾಹರಣೆಯಿದೆ. ಗೋವಾದ ಮುರಗಾಂವ್ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗೆ ಬರುತ್ತದೆ. ಆ ಮಾರ್ಗದ ಜೋಡಿ ಹಳಿಗೆ ಗೋವಾದ ಹಳ್ಳಿಗರ ವಿರೋಧ ಜೋರಾಗಿತ್ತು. 2020ರ ನವೆಂಬರ್‌ನಲ್ಲಿ ಚಾಂದೋರ್‌ನಲ್ಲಿ ಜನ ರಾತ್ರಿಯೆಲ್ಲ ಹಳಿಯ ಬಳಿ ನಿಂತರು. ಆದರೆ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಅಭಯಾರಣ್ಯದ ಮೂಲಕ ಹಳಿ ಹಾಕಲು ವನ್ಯಜೀವಿ ಮಂಡಳಿಯ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು.

“ಹಾಗಾದರೆ ನಮ್ಮದೇನು?” ಎಂದರು ಅಧ್ಯಕ್ಷರು. ಸ್ಟೇಷನ್ ಪಕ್ಕದ ಹೊಲದಲ್ಲಿ ಕಲ್ಲಿದ್ದಲು ರಾಶಿ ಹಾಕುತ್ತಿರುವವರು ಭೂ ಪರಿವರ್ತನೆ ಮಾಡಿಸಿದ್ದಾರೆಯೇ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದಿದ್ದಾರೆಯೇ ಎಂದು ಕೇಳಿದೆ. ಗೊತ್ತಿರಲಿಲ್ಲ. ಗೇಟು ದಿನಕ್ಕೆ ಎಷ್ಟು ಹೊತ್ತು ಮುಚ್ಚಿರುತ್ತದೆ? ಅದೂ ಗೊತ್ತಿರಲಿಲ್ಲ. ಪೆನ್ನು ತೆಗೆದು ಠರಾವಿನ ಹಿಂಬದಿಯಲ್ಲೇ ಗೆರೆ ಎಳೆದು ಕೊಟ್ಟೆ: ತಾರೀಖು, ಗೇಟು ಮುಚ್ಚಿದ ಸಮಯ, ತೆರೆದ ಸಮಯ, ಕಾದ ವಾಹನಗಳು, ಬರೆದವರ ಸಹಿ.

“ಎಷ್ಟು ದಿನ ಬರೆಯಬೇಕು?”

“ಹದಿನೈದು ದಿನ. ರಾತ್ರಿಯದೂ ಸೇರಿಸಿ.”