ಈಜುಕೊಳದ ಏಣಿ

ದಿ ಸಿಮ್ಸ್ ಎಂಬ ಕಂಪ್ಯೂಟರ್ ಆಟದಲ್ಲಿ ನಾನು ಮೊದಲು ಕಟ್ಟಿದ್ದು ಮನೆ, ಆಮೇಲೆ ಈಜುಕೊಳ. ಮನೆಯಾತ ನೀರಿಗಿಳಿದು ಹಾಯಾಗಿ ಈಜುತ್ತಿದ್ದಾಗ ಕೊಳದ ಏಣಿಯನ್ನು ಮೌಸ್‌ನಲ್ಲಿ ಎತ್ತಿ ಅಳಿಸಿಬಿಟ್ಟೆ. ಪಾಪ, ಸ್ವಲ್ಪ ಹೊತ್ತು ಅತ್ತಿಂದಿತ್ತ ಈಜಿದ. ದಡ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಆದರೆ ಏಣಿಯಿಲ್ಲದೆ ಮೇಲೆ ಬರುವುದನ್ನು ಪ್ರೋಗ್ರಾಂ ಬರೆದವರು ಅವನಿಗೆ ಕಲಿಸಿರಲಿಲ್ಲ. ದಣಿದ, ಮುಳುಗಿದ. ಅಂಗಳದಲ್ಲಿ ಒಂದು ಸಮಾಧಿ ಕಲ್ಲು ಎದ್ದಿತು. ನಾನು ನಗುತ್ತಿದ್ದೆ.

ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕಿತ್ತೇನೋ. ಆದರೆ 2000ದಲ್ಲಿ ಬಂದ ಆ ಆಟವನ್ನು ಆಡಿದವರ ನಡುವೆ ಏಣಿ ತೆಗೆಯುವುದು ಹಳೇ ಜೋಕು. ನಿಜಜೀವನದಲ್ಲಿ ಜಿರಳೆ ಹೊಡೆಯಲೂ ಹಿಂದೆಮುಂದೆ ನೋಡುವವರು ಅಲ್ಲಿ ಇಡೀ ಸಂಸಾರವನ್ನೇ ಮುಳುಗಿಸಿದ್ದಾರೆ. ಈ ಕ್ರೌರ್ಯ ಎಲ್ಲಿಂದ ಬರುತ್ತದೆ? ಒಳಗೆ ಅಡಗಿ ಕೂತ ರಾಕ್ಷಸ ಅವಕಾಶ ಸಿಕ್ಕಾಗ ಹೊರಗೆ ಬಂದನೇ?

ನನ್ನ ಮಟ್ಟಿಗೆ ಹೇಳುವುದಾದರೆ, ಮುಳುಗಿದವನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಇದ್ದದ್ದು 'ಹೀಗೆ ಮಾಡಿದರೆ ಏನಾಗುತ್ತೆ?' ಎಂಬ ಒಂದೇ ಪ್ರಶ್ನೆ. ಇರುವೆ ಸಾಲಿಗೆ ಬೆರಳು ಅಡ್ಡ ಇಟ್ಟು ನೋಡುವ ಮಗುವಿನ ಪ್ರಶ್ನೆಯೂ ಇದೇ ಅಲ್ಲವೇ. ಏಣಿ ತೆಗೆದಾಗ ನಾನು ಕೆಣಕಿದ್ದು ಆಟದ ನಿಯಮಗಳನ್ನು.

ಆದರೂ ಇಷ್ಟಕ್ಕೇ ಕೈತೊಳೆದುಕೊಳ್ಳುವಂತಿಲ್ಲ. 'ಇದು ಬರೀ ಆಟ' ಎಂದು ತಲೆಗೆ ಗೊತ್ತಿದ್ದರೂ ಮೈ ಅದನ್ನು ಪೂರ್ತಿ ಒಪ್ಪುವುದಿಲ್ಲ.

1960ರ ದಶಕದ ಆರಂಭದಲ್ಲಿ ಯೇಲ್ ವಿಶ್ವವಿದ್ಯಾಲಯದ ಸ್ಟಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಮಾಡಿದ್ದರು. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಾಕ್ ಕೊಡಿ, ಪ್ರತಿಸಲ ಒಂದು ಮೆಟ್ಟಿಲು ಏರಿಸಿ ಎಂದು ಜನರಿಗೆ ಹೇಳಲಾಗಿತ್ತು. ಶಾಕ್ ಸುಳ್ಳು, ಆದರೆ ಕೊಡುವವರಿಗೆ ಅದು ಗೊತ್ತಿರಲಿಲ್ಲ. ಇಂಥ ಪ್ರಯೋಗವನ್ನು ಈಗ ಮನುಷ್ಯರ ಮೇಲೆ ಅದೇ ರೂಪದಲ್ಲಿ ಮಾಡಲು ಒಪ್ಪಿಗೆ ಸಿಗುವುದು ಕಷ್ಟ. ಹಾಗಾಗಿ ಲಂಡನ್ನಿನಲ್ಲಿ ಮೆಲ್ ಸ್ಲೇಟರ್ ಮತ್ತು ಸಂಗಡಿಗರು ಇದನ್ನು ಕಂಪ್ಯೂಟರ್ ಸೃಷ್ಟಿಸಿದ ಒಬ್ಬ ಹೆಂಗಸಿನ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದರು. ಪಾಲ್ಗೊಂಡವರು 34 ಮಂದಿ. ಎದುರಿಗಿರುವುದು ಬರೀ ಚಿತ್ರ, ಯಾರಿಗೂ ನೋವಾಗುವುದಿಲ್ಲ ಎಂದು ಅಷ್ಟೂ ಜನಕ್ಕೆ ಗೊತ್ತಿತ್ತು. 23 ಮಂದಿಗೆ ಆಕೆ ಕಾಣಿಸುತ್ತಿದ್ದಳು, ಅವಳ ದನಿಯೂ ಕೇಳಿಸುತ್ತಿತ್ತು. ಉಳಿದ 11 ಮಂದಿಗೆ ಅವಳ ಉತ್ತರ ಪರದೆಯ ಮೇಲಿನ ಅಕ್ಷರವಾಗಿ ಮಾತ್ರ ಬರುತ್ತಿತ್ತು.

ಅಕ್ಷರ ನೋಡಿದವರು ಕೊನೆಯ ಶಾಕಿನವರೆಗೂ ಸಲೀಸಾಗಿ ಹೋದರು. ಅವಳನ್ನು ಕಂಡವರ ಅಂಗೈ ಬೆವರಿತು, ಎದೆಬಡಿತ ಏರುಪೇರಾಯಿತು. 'ಸಾಕು, ನಿಲ್ಲಿಸಿ' ಎಂದು ಆಕೆ ಗೋಗರೆದಾಗ ಕೆಲವರು ಕೊನೆಯ ಶಾಕಿಗೆ ಮುನ್ನವೇ ಕೈಬಿಟ್ಟರು. ಇಲ್ಲದ ಹೆಂಗಸಿಗೆ, ಆಗದ ನೋವಿಗೆ!

ಆಟ ತಯಾರಿಸುವವರಿಗೆ ಮೈಯ ಈ ಅಳುಕು ಚೆನ್ನಾಗಿ ಗೊತ್ತು. ಶತ್ರುಗಳ ಮುಖಕ್ಕೆ ಮುಸುಕು ಹಾಕುವುದು, ಅವರನ್ನು ರೋಬೋಟೋ ಜೋಂಬಿಯೋ ಮಾಡುವುದು ಇದಕ್ಕೇ. 1997ರ ಕಾರ್ಮಗೆಡನ್ ಆಟದಲ್ಲಿ ದಾರಿಹೋಕರ ಮೇಲೆ ಕಾರು ಹರಿಸಿದರೆ ಆಡಲು ಹೆಚ್ಚುವರಿ ಸಮಯ ಸಿಗುತ್ತಿತ್ತು. ಬ್ರಿಟನ್ನಿನಲ್ಲಿ ಗಲಾಟೆಯಾಯಿತು. ಅಲ್ಲಿ ಮಾರಾಟಕ್ಕೆ ಬಂದ ಆವೃತ್ತಿಯಲ್ಲಿ ದಾರಿಹೋಕರು ಜೋಂಬಿಗಳಾದರು, ರಕ್ತ ಹಸಿರಾಯಿತು. ಜರ್ಮನಿಯಲ್ಲಿ ಅವರೇ ರೋಬೋಟುಗಳಾದರು. ಅದೇ ಕಾರು, ಅದೇ ರಸ್ತೆ, ಅದೇ ಡಿಕ್ಕಿ, ಆಡುವವನ ಬೆರಳು ಒತ್ತುವ ಗುಂಡಿಯೂ ಅದೇ. ಬಣ್ಣ ಬದಲಾದ ಮಾತ್ರಕ್ಕೆ ಆಟ ಸಭ್ಯವಾಯಿತಂತೆ. ನನಗೆ ಇದು ಈಗಲೂ ನಗು ತರಿಸುತ್ತದೆ.

ಇನ್ನೊಂದು ಸಂಗತಿ. ಮಾಸ್ ಎಫೆಕ್ಟ್ ಎಂಬ ಆಟಗಳ ಸರಣಿಯಲ್ಲಿ ಕಥಾನಾಯಕ ಸಜ್ಜನನಾಗಬಹುದು, ಇಲ್ಲವೇ ಕಲ್ಲೆದೆಯವನಾಗಬಹುದು. ಎರಡನೆಯ ದಾರಿಗಾಗಿ ತಯಾರಕರು ಸಾಕಷ್ಟು ಬೆವರು ಹರಿಸಿದ್ದರು. ಆದರೆ ಸುಮಾರು 92% ಆಟಗಾರರು ಸಜ್ಜನರಾಗಿಯೇ ಆಡಿದರು ಎಂದು ಆ ತಂಡದಲ್ಲಿದ್ದ ವಿನ್ಯಾಸಕರೊಬ್ಬರು 2020ರಲ್ಲಿ ಬೇಸರದಿಂದ ಹೇಳಿಕೊಂಡರು. ಪೊಲೀಸರಿಲ್ಲ, ಕೋರ್ಟಿಲ್ಲ, ನೋಡುವವರೂ ಇಲ್ಲ. ಆದರೂ ಜನ ಬೈಯಲು ಹಿಂಜರಿದರು. ಮಾತಾಡುವ, ಹೆಸರಿರುವ, ನೆನಪಿಟ್ಟುಕೊಳ್ಳುವ ಪಾತ್ರ ಎದುರಿಗಿದ್ದರೆ ಏಣಿ ತೆಗೆಯುವುದು ಅಷ್ಟು ಸುಲಭವಲ್ಲ.

ಹಾಗಾದರೆ ಆಟ ಮುಗಿಸಿ ಎದ್ದ ಮಕ್ಕಳು ಸಿಡುಕುವುದೇಕೆ? ಆಕ್ಸ್‌ಫರ್ಡಿನ ಆಂಡ್ರ್ಯೂ ಶಿಬಿಲ್ಸ್ಕಿ ಮತ್ತು ಅಮೆರಿಕದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದಕ್ಕೆ ಟೆಟ್ರಿಸ್ ಬಳಸಿದ್ದರು. ಹೌದು, ಇಟ್ಟಿಗೆ ಜೋಡಿಸುವ ಟೆಟ್ರಿಸ್. ಅದನ್ನು ತಿರುಚಿ, ಎಲ್ಲಿಯೂ ಸರಿಹೊಂದದ ಇಟ್ಟಿಗೆಯೇ ಬೀಳುವಂತೆ ಮಾಡಿದರು. ಹನಿ ರಕ್ತವಿಲ್ಲದ ಆ ಆಟ ಆಡಿದವರ ಮನಸ್ಸು ಕುದಿಯುತ್ತಿತ್ತು. ಕೈಲಾಗದಿರುವಿಕೆ ಹುಟ್ಟಿಸುವ ಸಿಟ್ಟು ಅದು. ಇದೇ ಶಿಬಿಲ್ಸ್ಕಿ 2019ರಲ್ಲಿ ನೆಟಾ ವೈನ್‌ಸ್ಟೈನ್ ಜೊತೆ ಬ್ರಿಟನ್ನಿನ 14-15 ವಯಸ್ಸಿನ ಸುಮಾರು ಸಾವಿರ ಹುಡುಗ ಹುಡುಗಿಯರನ್ನು ಪರಿಶೀಲಿಸಿದರು. ಆಟ ಎಷ್ಟು ಹಿಂಸಾತ್ಮಕ ಎಂಬುದಕ್ಕೆ ಅದಕ್ಕೆ ಅಧಿಕೃತವಾಗಿ ಕೊಟ್ಟ ದರ್ಜೆಯನ್ನು ಆಧರಿಸಿದರು, ಮಕ್ಕಳ ವರ್ತನೆಯ ಬಗ್ಗೆ ಹೆತ್ತವರನ್ನು ಕೇಳಿದರು. ಎರಡರ ನಡುವೆ ನಂಟು ಕಾಣಲಿಲ್ಲ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಕಿರುಚಾಟ, ತಳ್ಳಾಟದಂಥ ಸಣ್ಣ ಒರಟುತನದೊಂದಿಗೆ ಅಲ್ಪ ಸಂಬಂಧವಿದೆ, ಆದರೆ ನಿಜವಾದ ಹಿಂಸಾಚಾರಕ್ಕೆ ಆಟಗಳೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂಬುದು ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ತಳೆದ ನಿಲುವು.

ಇಷ್ಟೆಲ್ಲ ಚರ್ಚೆ ಪರದೆಯ ಮೇಲಿನ ರಕ್ತದ ಸುತ್ತಲೇ ನಡೆದಿದೆ. ನನಗೆ ದಿಗಿಲು ಹುಟ್ಟಿಸುವುದು ಬೇರೆಯದು. ಆನ್‌ಲೈನ್ ಆಟದಲ್ಲಿ ಸತ್ತುಬಿದ್ದ ಗೊಂಬೆಯ ಆಚೆ ಕುರ್ಚಿಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ. ಅವನ ಮುಖ ಕಾಣದು. ಸ್ಲೇಟರ್ ಪ್ರಯೋಗದ ಆ 11 ಮಂದಿಯ ಹಾಗೆ ನಮಗೆ ಕಾಣುವುದು ಒಂದಿಷ್ಟು ಅಕ್ಷರ ಮಾತ್ರ. ಲಂಡನ್ನಿನ ಹೆಂಗಸು ಸುಳ್ಳು, ಇವನು ನಿಜ.

ಒಂದು ಶೂಟಿಂಗ್ ಆಟದಲ್ಲಿ ಒಬ್ಬನನ್ನು ಸತತ ಆರು ಸಲ ಹೊಡೆದುರುಳಿಸಿದ್ದೆ. ಅವನು ಮತ್ತೆ ಹುಟ್ಟುವ ಜಾಗ ನನಗೆ ಗೊತ್ತಾಗಿಬಿಟ್ಟಿತ್ತು, ಅಲ್ಲೇ ಹೊಂಚು ಹಾಕುತ್ತಿದ್ದೆ. ಪ್ರತಿಸಲವೂ ಹೆಣದ ಮೇಲೆ ಕೂತು ಎದ್ದು ಅಣಕಿಸುವುದು ಬೇರೆ. ಏಳನೆಯ ಸಲ ಅವನು ಬಂದೂಕು ಎತ್ತಲಿಲ್ಲ, ಸುಮ್ಮನೆ ನಿಂತ. ಚಾಟ್‌ನಲ್ಲಿ ಒಂದು ಸಾಲು ಮೂಡಿತು: 'ಇವತ್ತೇ ಶುರು ಮಾಡಿದ್ದು, ಓಡೋದು ಯಾವ ಬಟನ್?'

ಟೈಪ್ ಮಾಡಲು ಕೀಬೋರ್ಡಿಗೆ ಕೈ ಹಾಕುವಷ್ಟರಲ್ಲಿ ಅವನು ಆಟ ಬಿಟ್ಟು ಹೋಗಿದ್ದ.