ಗೊರಕೆ ನಿಂತಿದೆ, ಮಿಷನ್ ಬಿಡಬಹುದಾ?

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ಮಂಡ್ಯ ಮತ್ತು ಪಾಂಡವಪುರದ ನಡುವೆ, ವಿಶ್ವೇಶ್ವರಯ್ಯ ನಾಲೆಯ ಪಕ್ಕದಲ್ಲಿದೆ. ಒಬ್ಬಟ್ಟಿನ ಊಟ ಮುಗಿದ ಮೇಲೆ ಅಣ್ಣ ಒಂದು ಚೀಲ ತಂದು ನನ್ನ ಮುಂದಿಟ್ಟ. ಒಳಗೆ ಅವನ ಸಿಪ್ಯಾಪ್ ಮಿಷನ್. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆಗೆ, ರಾತ್ರಿ ಮಾಸ್ಕಿನ ಮೂಲಕ ಗಾಳಿ ಕೊಡುವ ಯಂತ್ರ ಅದು. ಪೈಪು, ಮಾಸ್ಕ್ ಎಲ್ಲ ಒರೆಸಿ, ಸುತ್ತಿ ಇಟ್ಟಿದ್ದ. ಆಯುಧಪೂಜೆಗೆ ಅತ್ತಿಗೆ ಇಟ್ಟಿದ್ದ ಕುಂಕುಮದ ಕಲೆ ಇನ್ನೂ ಅದರ ಮೇಲಿತ್ತು.

"ಇದನ್ನ ಮೈಸೂರಿಗೆ ತಗೊಂಡೋಗವ್ವ. ಯಾರ್ಗಾದ್ರೂ ಬೇಕಾದೋರ್ಗೆ ಕೊಡು. ನಂಗಿನ್ನು ಬ್ಯಾಡ" ಅಂದ.

ಅವನ ಮಾತಿಗೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ 94 ಕೆ.ಜಿ. ಇದ್ದವನು ಈಗ 85ಕ್ಕೆ ಇಳಿದಿದ್ದಾನೆ. ದಿನಾ ಬೆಳಿಗ್ಗೆ ನಾಲೆ ಏರಿ ಮೇಲೆ ನಡೆಯುತ್ತಾನೆ. ಗೊರಕೆ ಇಲ್ಲ ಅಂತ ಅತ್ತಿಗೆಯೂ ಹೇಳಿದರು. ಎಲ್ಲಕ್ಕಿಂತ ಜಾಸ್ತಿ ಅವನಿಗೆ ಧೈರ್ಯ ಕೊಟ್ಟಿದ್ದು ಮಿಷನ್ನಿನ ಪರದೆ. ಮೊದಲ ಸಲ ನಿದ್ರೆ ಪರೀಕ್ಷೆ ಮಾಡಿಸಿದಾಗ 41 ಬಂದಿತ್ತು. ಈಗ ದಿನಾ ಬೆಳಿಗ್ಗೆ ಮಿಷನ್ 2 ಅಂತ ತೋರಿಸುತ್ತದೆ.

ನಲವತ್ತೊಂದು ಇದ್ದದ್ದು ಎರಡಾಗಿದೆ. ಕಾಯಿಲೆ ಹೋಯಿತು ಅಂತಲೇ ಅಲ್ವಾ?

ಅಲ್ಲ. ಇದೇ ಮಾತನ್ನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗಲೂ ಕೇಳಿದ್ದೇನೆ, ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲೂ ಕೇಳಿದ್ದೇನೆ. ಓದಿಕೊಂಡವರೂ ಹೀಗೇ ಅಂದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಮೊದಲು ಆ ನಂಬರು ಏನು ಅಂತ ನೋಡೋಣ. ನಿದ್ರೆಯಲ್ಲಿ ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಅಪ್ನಿಯಾ ಅನ್ನುತ್ತಾರೆ. ಪೂರ್ತಿ ನಿಲ್ಲದೆ ತೀರಾ ಕಡಿಮೆ ಆಗಿ, ರಕ್ತದಲ್ಲಿ ಆಮ್ಲಜನಕ ಇಳಿದರೆ ಅಥವಾ ನಿದ್ರೆ ಕದಡಿದರೆ ಅದು ಹೈಪಾಪ್ನಿಯಾ. ಇವೆರಡೂ ಸೇರಿ ಗಂಟೆಗೆ ಎಷ್ಟು ಸಲ ಆಗುತ್ತವೆ ಅನ್ನುವ ಲೆಕ್ಕವೇ ಎ.ಎಚ್.ಐ. ದೊಡ್ಡವರಲ್ಲಿ 5ರ ಒಳಗಿದ್ದರೆ ತೊಂದರೆ ಇಲ್ಲ ಅನ್ನುತ್ತಾರೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಅಣ್ಣನಿಗೆ 41 ಅಂದರೆ ಹೆಚ್ಚುಕಮ್ಮಿ ಒಂದೂವರೆ ನಿಮಿಷಕ್ಕೊಮ್ಮೆ ಅವನ ಉಸಿರಿಗೆ ತಡೆ ಬೀಳುತ್ತಿತ್ತು. ರಾತ್ರಿಯಿಡೀ.

ಉಸಿರು ಯಾಕೆ ನಿಲ್ಲುತ್ತದೆ? ಇದನ್ನು ಅಣ್ಣನಿಗೆ ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಹೇಳಿದೆ. ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯ ಅದು. ನಾಲೆಯಿಂದ ನೀರೆತ್ತುವಾಗ ಮೋಟರಿನ ಹಿಂದುಗಡೆ, ಅಂದರೆ ನೀರು ಹೀರುವ ಕಡೆ, ಗಟ್ಟಿ ಪೈಪನ್ನೇ ಹಾಕಬೇಕು. ಗದ್ದೆ ಕಡೆಗೆ ನೀರು ಬಿಡಲು ಮಾತ್ರ ಸುರುಳಿ ಸುತ್ತಿಡುವ ಮೆತ್ತನೆ ಪೈಪು ಸಾಕು. ಆ ಮೆತ್ತನೆ ಪೈಪನ್ನೇ ಹೀರುವ ಕಡೆ ಹಾಕಿದರೆ? ಮೋಟರ್ ಎಳೆದ ತಕ್ಷಣ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಎಷ್ಟು ಜೋರಾಗಿ ಎಳೆದರೆ ಅಷ್ಟು ಬಿಗಿಯಾಗಿ ಅಂಟುತ್ತದೆ.

ನಮ್ಮ ಗಂಟಲು ಆ ಮೆತ್ತನೆ ಪೈಪು. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆವರೆಗೆ ಅದನ್ನು ಸುತ್ತಲೂ ಹಿಡಿದು ನಿಲ್ಲಿಸುವ ಮೂಳೆಯ ಚೌಕಟ್ಟಿಲ್ಲ. ಕೆಳಗಡೆ ಶ್ವಾಸನಾಳಕ್ಕಾದರೆ ಮೃದ್ವಸ್ಥಿಯ ಬಳೆಗಳಿವೆ, ಇಲ್ಲಿ ಮಾಂಸಖಂಡಗಳೇ ಆಧಾರ. ಎಚ್ಚರ ಇದ್ದಾಗ ಅವು ಬಿಗಿಯಾಗಿ ನಿಂತು ದಾರಿ ತೆರೆದಿಡುತ್ತವೆ. ನಿದ್ರೆ ಹತ್ತಿದರೆ ಸಡಿಲವಾಗುತ್ತವೆ. ಅಂಗಾತ ಮಲಗಿದ್ದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ಆಗ ಎದೆ ಗಾಳಿಯನ್ನು ಎಳೆದರೆ ಗಂಟಲು ಚಪ್ಪಟೆಯಾಗುತ್ತದೆ. ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಒಂದು ಕ್ಷಣ ಎಚ್ಚರಿಸುತ್ತದೆ, ಮಾಂಸಖಂಡ ಬಿಗಿಯಾಗಿ ದಾರಿ ಬಿಡುತ್ತದೆ. ಮತ್ತೆ ನಿದ್ರೆ, ಮತ್ತೆ ತಡೆ. ಬೆಳಿಗ್ಗೆ ಎದ್ದವನಿಗೆ ಇದ್ಯಾವುದೂ ನೆನಪಿರುವುದಿಲ್ಲ. ಆದರೆ ಪ್ರತಿ ಸಲವೂ ರಕ್ತದೊತ್ತಡ ಏರಿರುತ್ತದೆ, ಹೃದಯ ಓಡಿರುತ್ತದೆ.

ಸಿಪ್ಯಾಪ್ ಮಾಡುವುದು ತುಂಬಾ ಸರಳವಾದ ಕೆಲಸ. ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿ ಕಳಿಸಿ ಆ ಪೈಪು ಉಬ್ಬಿಕೊಂಡೇ ಇರುವಂತೆ ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಅನ್ನುವ ವೈದ್ಯರು 1980ರಲ್ಲಿ ಇದನ್ನು ಮೊದಲು ರೋಗಿಯ ಮೇಲೆ ಪ್ರಯೋಗಿಸಿ ನೋಡಿದರು. 1981ರಲ್ಲಿ ಐದು ರೋಗಿಗಳ ವಿವರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಅಲ್ಲಿಯವರೆಗೆ ತೀವ್ರ ಅಪ್ನಿಯಾಗೆ ಇದ್ದ ಖಚಿತ ದಾರಿ ಅಂದರೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಡಿಸುವುದು. ಅದನ್ನು ನೆನೆದರೆ ಈ ಮಾಸ್ಕಿನ ಕಿರಿಕಿರಿ ದೊಡ್ಡದಲ್ಲ ಅನ್ನಿಸುತ್ತದೆ.

ಆ ಒತ್ತಡವೂ ಭಾರಿ ಏನಲ್ಲ. ಅದನ್ನು ನೀರಿನ ಎತ್ತರದಲ್ಲಿ, ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 4ರಿಂದ 20ರ ಒಳಗೆ ಇರುತ್ತದೆ. ಅಣ್ಣನ ಮಿಷನ್ 12ಕ್ಕೆ ಇಟ್ಟಿದ್ದರು. ಅಂದರೆ ನೀರು ಕುಡಿಯುವ ಉದ್ದನೆ ಸ್ಟೀಲ್ ಲೋಟವನ್ನು ತುಂಬಿಟ್ಟರೆ ಅದರ ತಳದಲ್ಲಿ ನೀರು ಎಷ್ಟು ಒತ್ತುತ್ತದೋ ಅಷ್ಟೇ. ಒಂದು ಲೋಟ ನೀರಿನಷ್ಟು ಒತ್ತಡ ಒಬ್ಬ ಮನುಷ್ಯನಿಗೆ ರಾತ್ರಿಯಿಡೀ ದಾರಿ ಬಿಡಿಸಿ ಕೊಡುತ್ತದೆ. ನನಗೆ ಇದು ಈಗಲೂ ಆಶ್ಚರ್ಯ.

ಈಗ ಅಣ್ಣನ ಲೆಕ್ಕಕ್ಕೆ ಬರೋಣ. ಮಿಷನ್ ತೋರಿಸುವ 2 ಅನ್ನುವುದು ಮಿಷನ್ ಹಾಕಿಕೊಂಡಾಗ ಆಗುವ ತಡೆಗಳ ಲೆಕ್ಕ. ಗಾಳಿ ಕೆಲಸ ಮಾಡುತ್ತಿದೆ ಅಂತ ಅದು ಹೇಳುತ್ತದೆ. ಗಾಳಿ ನಿಲ್ಲಿಸಿದರೆ ಏನಾಗುತ್ತದೆ ಅಂತ ಹೇಳುವ ಶಕ್ತಿ ಅದಕ್ಕಿಲ್ಲ. ಕನ್ನಡಕ ಹಾಕಿಕೊಂಡು ಪೇಪರ್ ಚೆನ್ನಾಗಿ ಓದಿದೆ, ಹಾಗಾಗಿ ಇನ್ನು ಕನ್ನಡಕ ಬೇಡ ಅಂದರೆ ಹೇಗೆ? ಗೊರಕೆ ಇಲ್ಲ ಅಂತ ಅತ್ತಿಗೆ ಹೇಳಿದ್ದೂ ಮಿಷನ್ ಹಾಕಿದ ರಾತ್ರಿಗಳ ಮಾತು. ಮಿಷನ್ ಇಲ್ಲದೆಯೇ ಗೊರಕೆ ಕಡಿಮೆ ಆದರೂ ಅದೊಂದನ್ನೇ ನಂಬುವ ಹಾಗಿಲ್ಲ. ಅಂಗುಳಿನ ಶಸ್ತ್ರಚಿಕಿತ್ಸೆ ಆದ ಕೆಲವರಲ್ಲಿ ಸದ್ದು ಹೋಗುತ್ತದೆ, ತಡೆ ಹಾಗೇ ಉಳಿಯುತ್ತದೆ.

ಗಾಳಿ ನಿಲ್ಲಿಸಿದರೆ ಏನಾಗುತ್ತದೆ ಅಂತ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವೈದ್ಯರು ಸರಿಯಾಗಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಚೆನ್ನಾಗಿ ಸಿಪ್ಯಾಪ್ ಬಳಸುತ್ತಿದ್ದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಒತ್ತಡ, ಇನ್ನೊಂದಕ್ಕೆ ಏನೂ ಸಾಲದಷ್ಟು ಕಡಿಮೆ ಒತ್ತಡ. ಎರಡು ವಾರದ ಪ್ರಯೋಗ, 2011ರಲ್ಲಿ ಪ್ರಕಟವಾಯಿತು. ಎರಡನೇ ಗುಂಪಿನಲ್ಲಿ ಅಪ್ನಿಯಾ ಬೇಗನೆ ವಾಪಸ್ ಬಂತು. ಹಗಲಿನ ತೂಕಡಿಕೆ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಬೆಳಗಿನ ರಕ್ತದೊತ್ತಡ ಸರಾಸರಿ 8 ಅಂಕದಷ್ಟು ಏರಿತ್ತು. ವರ್ಷಗಟ್ಟಲೆ ಮಿಷನ್ ಹಾಕಿದರೆ ಗಂಟಲು ಗಟ್ಟಿಯಾಗಿಬಿಡುತ್ತದೆ ಅನ್ನುವ ಆಸೆ ಸುಳ್ಳು ಅಂತ ಇದರಿಂದ ತಿಳಿಯುತ್ತದೆ.

"ಹಂಗಾದ್ರೆ ನಾನು ಒಂಬತ್ತು ಕೆ.ಜಿ. ಇಳ್ಸಿದ್ದು ಸುಮ್ನೆನಾ?" ಅಂತ ಅಣ್ಣ ಬೇಜಾರಿನಲ್ಲಿ ಕೇಳಿದ.

ಖಂಡಿತ ಸುಮ್ನೆ ಅಲ್ಲ. ತೂಕ ಇಳಿದರೆ ಕುತ್ತಿಗೆ ಸುತ್ತಲಿನ ಕೊಬ್ಬಿನ ಜೊತೆ ನಾಲಿಗೆಯ ಒಳಗಿನ ಕೊಬ್ಬೂ ಕರಗುತ್ತದೆ. ಗಂಟಲಿನ ದಾರಿ ಅಗಲವಾಗುತ್ತದೆ. ಆದರೆ ಎಷ್ಟು? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೂರಾರು ಜನರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ತೂಕ ನೂರಕ್ಕೆ ಹತ್ತರಷ್ಟು ಇಳಿದರೆ ಎ.ಎಚ್.ಐ. ನೂರಕ್ಕೆ ಸುಮಾರು 26ರಷ್ಟು ಇಳಿಯಬಹುದು. ಅಣ್ಣ ಇಳಿಸಿದ್ದು ಹೆಚ್ಚುಕಮ್ಮಿ ಅಷ್ಟೇ. ಈ ಲೆಕ್ಕದಲ್ಲಿ 41 ಇದ್ದದ್ದು 30ರ ಆಸುಪಾಸಿಗೆ ಬರುತ್ತದೆ. ಒಬ್ಬೊಬ್ಬರ ಮೈ ಒಂದೊಂದು ಥರ, ಅದಕ್ಕಿಂತ ಜಾಸ್ತಿಯೂ ಇಳಿಯಬಹುದು, ಕಡಿಮೆಯೂ ಇಳಿಯಬಹುದು.

ಈಚೆಗೆ ತೂಕ ಇಳಿಸುವ ಇಂಜೆಕ್ಷನ್‌ಗಳ ಮಾತು ಎಲ್ಲ ಕಡೆ ಇದೆ. ಟಿರ್ಜೆಪಟೈಡ್ ಅನ್ನುವ ಔಷಧಿಯನ್ನು ಬೊಜ್ಜು ಮತ್ತು ಅಪ್ನಿಯಾ ಎರಡೂ ಇದ್ದವರಿಗೆ ಒಂದು ವರ್ಷ ಕೊಟ್ಟು ನೋಡಿದ ಫಲಿತಾಂಶ 2024ರಲ್ಲಿ ಬಂತು. ಶುರುವಿನಲ್ಲಿ ಗಂಟೆಗೆ ಸುಮಾರು 50 ಇದ್ದ ತಡೆಗಳು ಸರಾಸರಿ 25ರಿಂದ 29ರಷ್ಟು ಕಡಿಮೆಯಾದವು. ತುಂಬಾ ದೊಡ್ಡ ಇಳಿಕೆ ಅದು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅಪ್ನಿಯಾಗೂ ಈ ಔಷಧಿಗೆ ಒಪ್ಪಿಗೆ ಸಿಕ್ಕಿತು. ಆದರೆ ಕಳೆದು ಉಳಿದದ್ದನ್ನೂ ನೋಡಬೇಕು. ಇನ್ನೂ 20ರ ಮೇಲೆ ಉಳಿದಿದೆ. ಕಾಯಿಲೆ ಪೂರ್ತಿ ಹೋಯಿತು ಅಥವಾ ತೊಂದರೆ ಕೊಡದಷ್ಟು ಇಳಿಯಿತು ಅನ್ನುವ ಮಟ್ಟಕ್ಕೆ ಬಂದವರು ಹತ್ತರಲ್ಲಿ ನಾಲ್ಕೈದು ಜನ. ಉಳಿದವರಿಗೆ ಮಿಷನ್ ಅಥವಾ ಬೇರೆ ಚಿಕಿತ್ಸೆ ಬೇಕಾಗಬಹುದು.

ಹಾಗಂತ ಮಿಷನ್ ಬಿಡಲೇಬಾರದು ಅಂತ ಹೆದರಿಸುವುದೂ ತಪ್ಪು. ಸಿಪ್ಯಾಪ್ ಪವಾಡ ಅಲ್ಲ. ಹೃದಯದ ತೊಂದರೆ ಅಥವಾ ಪಾರ್ಶ್ವವಾಯು ಆಗಲೇ ಇದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಸಿಪ್ಯಾಪ್ ಕೊಟ್ಟರೂ ಮುಂದಿನ ಹೃದಯಾಘಾತ, ಪಾರ್ಶ್ವವಾಯು ಕಡಿಮೆ ಆಗಲಿಲ್ಲ. ಅವರು ಮಿಷನ್ ಹಾಕಿದ್ದು ರಾತ್ರಿಗೆ ಸರಾಸರಿ ಮೂರು ಗಂಟೆ ಚಿಲ್ಲರೆ ಮಾತ್ರ, ಅದಕ್ಕೇ ಹೀಗಾಯಿತು ಅನ್ನುವವರೂ ಇದ್ದಾರೆ. ತೀರಾ ತೂಕಡಿಕೆ ಇದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿರಲಿಲ್ಲ ಅನ್ನುವುದೂ ನಿಜ. ಏನೇ ಇರಲಿ, ಸೌಮ್ಯ ಮಟ್ಟದ ಅಪ್ನಿಯಾ ಇದ್ದು, ಹಗಲು ತೂಕಡಿಕೆ ಇಲ್ಲದೆ, ಬೀಪಿಯೂ ಸರಿ ಇರುವವರು "ನನಗಿದು ಬೇಕಾ?" ಅಂತ ವೈದ್ಯರನ್ನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹೆದರಿಕೊಂಡು ಕೇಳದೇ ಇರುವುದಕ್ಕಿಂತ, ಹೇಳದೆ ಬಿಟ್ಟುಬಿಡುವುದಕ್ಕಿಂತ, ಕೇಳುವುದೇ ಮೇಲು. ಬಸುರಿನಲ್ಲಿ ಶುರುವಾದ ಅಪ್ನಿಯಾ ಬಾಣಂತನದ ನಂತರ ಹೋಗಬಹುದು. ಮಕ್ಕಳಿಗೆ ಟಾನ್ಸಿಲ್ ತೆಗೆದ ಮೇಲೆ ಎಷ್ಟೋ ಸಲ ವಾಸಿಯಾಗುತ್ತದೆ. ಆದರೆ ವಾಸಿಯಾಗಿದೆ ಅಂತ ಊಹೆಯ ಮೇಲೆ ಹೇಳುವಂತಿಲ್ಲ.

ಗೊತ್ತಾಗುವ ದಾರಿ ಒಂದೇ. ಮಿಷನ್ ಇಲ್ಲದೆ ಮತ್ತೊಮ್ಮೆ ನಿದ್ರೆ ಪರೀಕ್ಷೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಮಾಡಿಸಬಹುದು. ತಲೆಗೆ ತಂತಿ ಅಂಟಿಸಿ ನಿದ್ರೆಯ ಹಂತಗಳನ್ನೂ ಅಲ್ಲಿ ದಾಖಲಿಸುತ್ತಾರೆ. ಬೆರಳಿಗೆ ಕ್ಲಿಪ್, ಮೂಗಿಗೆ ಸಣ್ಣ ನಳಿಕೆ, ಎದೆಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. ಮನೆಯ ಪರೀಕ್ಷೆಯಲ್ಲಿ ಒಂದು ಕೊರತೆ ಇದೆ. ನಿದ್ರೆ ಬಾರದೆ ಹೊರಳಾಡಿದ ಹೊತ್ತೂ ಲೆಕ್ಕಕ್ಕೆ ಸೇರುವುದರಿಂದ ನಂಬರು ಇರುವುದಕ್ಕಿಂತ ಕಡಿಮೆ ಬರಬಹುದು. ಪರೀಕ್ಷೆಗೆ ಎಷ್ಟು ರಾತ್ರಿ ಮುಂಚೆ ಮಿಷನ್ ನಿಲ್ಲಿಸಬೇಕು ಅಂತ ವೈದ್ಯರೇ ಹೇಳಬೇಕು. ಆ ದಿನಗಳಲ್ಲಿ ಕಾರು, ಟ್ರ್ಯಾಕ್ಟರ್ ಓಡಿಸಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಯಾಕೆಂದರೆ ಅಣ್ಣ ತಿಂಗಳಿಗೆ ಎರಡು ಸಲ ಮಗಳನ್ನು ನೋಡಲು ಬೆಂಗಳೂರಿಗೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಾನೆ. 2023ರಲ್ಲಿ ಹೊಸ ಹೆದ್ದಾರಿ ಶುರುವಾದ ಮೇಲೆ ದಾರಿ ನೇರ, ನುಣುಪು. ಮೊದಲಾದರೆ ಮದ್ದೂರಿನಲ್ಲಿ ನಿಲ್ಲಿಸಿ ವಡೆ ತಿಂದು, ಕಾಫಿ ಕುಡಿದು ಹೊರಡುತ್ತಿದ್ದೆವು. ಈಗ ಊರುಗಳೇ ಸಿಗುವುದಿಲ್ಲ. ನಿದ್ರೆ ಕೆಟ್ಟವನಿಗೆ ಇಂಥ ದಾರಿಯಲ್ಲೇ ಕಣ್ಣು ಎಳೆಯುವುದು. ಚಿಕಿತ್ಸೆ ಇಲ್ಲದ ಅಪ್ನಿಯಾ ಇರುವ ಚಾಲಕರಿಗೆ ಅಪಘಾತದ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಅಂತ ಹಲವು ಅಧ್ಯಯನಗಳು ತೋರಿಸಿವೆ. "ನಂಗೇನೂ ತೂಕಡ್ಕೆ ಬರಲ್ಲ" ಅನ್ನುವ ಮಾತನ್ನು ಪೂರ್ತಿ ನಂಬಲಾಗದು. ನಿದ್ರೆಗೆಟ್ಟ ಮಿದುಳಿಗೆ ತನ್ನ ಮಂಕು ತನಗೇ ಕಾಣುವುದಿಲ್ಲ. ಎಪ್‌ವರ್ತ್ ಅನ್ನುವ ಎಂಟು ಪ್ರಶ್ನೆಗಳ ಪಟ್ಟಿಯೊಂದಿದೆ. ಟಿವಿ ನೋಡುವಾಗ, ಊಟ ಆಗಿ ಸುಮ್ಮನೆ ಕೂತಾಗ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಜೊಂಪು ಹತ್ತುತ್ತದಾ ಅಂತೆಲ್ಲ ಕೇಳುತ್ತಾರೆ. 24ಕ್ಕೆ 10 ದಾಟಿದರೆ ಯೋಚಿಸಬೇಕು. ಅದನ್ನು ತುಂಬುವಾಗ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಚಾಲಕರಂತೆಯೇ ಇನ್ನೂ ಕೆಲವರು ತಾವಾಗಿ ಒಂದು ರಾತ್ರಿಯೂ ಬಿಡಬಾರದು. ತೂಕ ಬಹಳ ಇದ್ದು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ನಿಲ್ಲುವ ತೊಂದರೆ ಇರುವವರು. ಜೋರು ನೋವಿನ ಮಾತ್ರೆ, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು. ಅರಿವಳಿಕೆ ಕೊಟ್ಟು ಆಪರೇಷನ್ ಆಗಬೇಕಾದವರು. ಇವರು ಮಿಷನ್ನನ್ನು ಆಸ್ಪತ್ರೆಗೂ ಜೊತೆಯಲ್ಲೇ ಒಯ್ಯಬೇಕು.

ಅಂದಹಾಗೆ, ಬಹಳ ಜನ ಮಿಷನ್ ಬಿಡುವುದು ಕಾಯಿಲೆ ಹೋಯಿತು ಅಂತಲ್ಲ. ಮೂಗು ಒಣಗುತ್ತದೆ, ಮಾಸ್ಕಿನಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ, ನೆಂಟರ ಮನೆಯಲ್ಲಿ ಹಾಕಿಕೊಳ್ಳಲು ನಾಚಿಕೆ. ಇವಕ್ಕೆಲ್ಲ ದಾರಿ ಇದೆ. ಬೇರೆ ಅಳತೆಯ ಮಾಸ್ಕ್, ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿ, ಮೂಗಿನ ಅಲರ್ಜಿಗೆ ಔಷಧಿ. ಕೆಲವರಿಗೆ ದಂತವೈದ್ಯರು ಮಾಡಿಕೊಡುವ, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವೇ ಸಾಕಾಗುತ್ತದೆ. ಇನ್ನು ರಾತ್ರಿ ಮೂರು ಗಂಟೆಗೆ ಮಾಸ್ಕ್ ಕಿತ್ತಿಟ್ಟು ಮಲಗುವವರಿಗೆ ಒಂದು ಮಾತು. ಕನಸು ಬೀಳುವ ನಿದ್ರೆ ಬೆಳಗಿನ ಜಾವಕ್ಕೇ ಜಾಸ್ತಿ. ಗಂಟಲಿನ ಮಾಂಸಖಂಡ ಅತಿ ಸಡಿಲವಾಗುವುದೂ ಆಗಲೇ.

ಚೀಲವನ್ನು ನಾನು ಮೈಸೂರಿಗೆ ತರಲಿಲ್ಲ. ಅಣ್ಣ ಎರಡು ವಾರ ತಡಮಾಡಿ, ಕೊನೆಗೆ ಬಂದು ಪರೀಕ್ಷೆ ಮಾಡಿಸಿಕೊಂಡ. 18 ಬಂತು. ಅರ್ಧಕ್ಕಿಂತ ಜಾಸ್ತಿ ಇಳಿದಿದೆ, ಆದರೆ ಬಿಡುವಷ್ಟು ಇಳಿದಿಲ್ಲ. ತಡೆಗಳಲ್ಲಿ ಬಹಳಷ್ಟು ಅಂಗಾತ ಮಲಗಿದಾಗಲೇ ಬಂದಿದ್ದವು. ಮಗ್ಗುಲಾಗಿ ಮಲಗುವುದನ್ನು ರೂಢಿ ಮಾಡಿಕೊಳ್ಳಿ, ಇನ್ನೂ ಐದಾರು ಕೆ.ಜಿ. ಇಳಿಸಿ, ಆರು ತಿಂಗಳಿಗೆ ಮತ್ತೆ ನೋಡೋಣ ಅಂದರು ವೈದ್ಯರು. ಮಿಷನ್ನಿನ ಒತ್ತಡವನ್ನು 12ರಿಂದ 9ಕ್ಕೆ ಇಳಿಸಿದರು.

ಅವನಿಗೆ ಬೇಜಾರಾಗಿರಬೇಕು ಅಂದುಕೊಂಡು ರಾತ್ರಿ ಫೋನ್ ಮಾಡಿದೆ. ಹಿಂದೆ ಮಿಷನ್ನಿನ ಸಣ್ಣ ಸದ್ದು ಕೇಳುತ್ತಿತ್ತು, ಮಾಸ್ಕ್ ಹಾಕಿಕೊಳ್ಳುವುದಕ್ಕೆ ಹೊರಟಿದ್ದ.

"ನಿನ್ ಲೋಟದಲ್ಲಿ ಎರಡು ಬೆರಳು ನೀರು ಇಳ್ದದೆ ಕಣವ್ವ" ಅಂದ.