ಇಲಿಗೆ ವಾಸಿಯಾಯಿತು, ನಮಗೆ ಯಾವಾಗ?

ಪ್ರಶ್ನೆ: "ಇಲಿಗಳಲ್ಲಿ ಕ್ಯಾನ್ಸರ್ ಗುಣಪಡಿಸಿದ ಹೊಸ ಔಷಧಿ" ಅಂತ ಆಗಾಗ ಓದುತ್ತೇವೆ. ಹತ್ತು ವರ್ಷ ಕಳೆದರೂ ಆ ಔಷಧಿ ಅಂಗಡಿಗೆ ಬರುವುದಿಲ್ಲ. ಯಾರಾದರೂ ಮುಚ್ಚಿಡುತ್ತಾರಾ?

ಉತ್ತರ: ಮುಚ್ಚಿಡುವ ಕಷ್ಟ ಯಾರಿಗೂ ಬೇಡ, ಹೆಚ್ಚಿನವು ತಾವಾಗಿಯೇ ಬಿದ್ದುಹೋಗುತ್ತವೆ. ಪ್ರಾಣಿಗಳಲ್ಲಿ ಪಾಸಾಗಿ ಮನುಷ್ಯರ ಮೇಲಿನ ಪ್ರಯೋಗದವರೆಗೆ ಬಂದ ಔಷಧಿಗಳಲ್ಲೂ ಸುಮಾರು ಹತ್ತಕ್ಕೆ ಒಂದಕ್ಕೆ ಮಾತ್ರ ಕೊನೆಗೆ ಅನುಮತಿ ಸಿಗುತ್ತದೆ. ಇಲಿಯ ಹಂತದಲ್ಲೇ ನಿಂತವು ಈ ಲೆಕ್ಕಕ್ಕೇ ಬರುವುದಿಲ್ಲ.

ಇಲಿಯನ್ನು ಪುಟ್ಟ ಮನುಷ್ಯ ಅಂದುಕೊಂಡರೆ ಮೋಸ ಹೋಗುತ್ತೇವೆ. ಅದರ ಹೃದಯ ನಿಮಿಷಕ್ಕೆ 500 ಸಲಕ್ಕಿಂತ ಜಾಸ್ತಿ ಬಡಿಯುತ್ತದೆ. ಎಷ್ಟೋ ಔಷಧಿಗಳನ್ನು ಅದರ ಲಿವರ್ ನಮ್ಮದಕ್ಕಿಂತ ಬೇಗ ಒಡೆದುಹಾಕುತ್ತದೆ. ಇನ್ನು ಕಾಯಿಲೆ? ಅದೂ ತಾನಾಗಿ ಬಂದದ್ದಲ್ಲ, ನಾವು ತರಿಸಿದ್ದು. ಚರ್ಮದ ಕೆಳಗೆ ಕ್ಯಾನ್ಸರ್ ಕೋಶ ಚುಚ್ಚಿ ಕೆಲವೇ ವಾರದಲ್ಲಿ ಬೆಳೆಸಿದ ಗಡ್ಡೆಗೂ, ಮನುಷ್ಯನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದ ಗಡ್ಡೆಗೂ ಬಹಳ ವ್ಯತ್ಯಾಸ ಇದೆ.

ಸರಿ, ಇಲಿ ಬಿಡಿ. ನಮಗೆ ತೀರಾ ಹತ್ತಿರದ ಮಂಗವಾದರೂ ಸರಿಯಾಗಿ ಹೇಳುತ್ತದಾ? 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಇದಕ್ಕೆ ಭಯಾನಕ ಉತ್ತರ ಸಿಕ್ಕಿತು. ಟಿಜಿಎನ್1412 ಎಂಬ ಔಷಧಿಯನ್ನು ಮೊಟ್ಟಮೊದಲ ಬಾರಿಗೆ ಆರು ಮಂದಿ ಆರೋಗ್ಯವಂತ ಯುವಕರಿಗೆ ಕೊಟ್ಟರು. ಮಂಗಗಳಲ್ಲಿ ಏನೂ ತೊಂದರೆ ಮಾಡದ ಡೋಸಿನ 500ನೇ ಒಂದು ಪಾಲು ಅಷ್ಟೇ. ಆದರೂ ಒಂದೂವರೆ ಗಂಟೆಯೊಳಗೆ ತಲೆನೋವು, ಬೆನ್ನುನೋವು, ಜ್ವರ ಶುರುವಾಯಿತು. ಬಿಪಿ ಕುಸಿಯಿತು. ಆಮೇಲೆ ಆರೂ ಜನರ ಅಂಗಾಂಗಗಳು ಒಂದೊಂದಾಗಿ ಕೈಕೊಡತೊಡಗಿದವು. ಪುಣ್ಯಕ್ಕೆ ಎಲ್ಲರೂ ಬದುಕಿದರು.

ಎಡವಟ್ಟಾದದ್ದು ಎಲ್ಲಿ? ನಮ್ಮ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳಿವೆ. ಅವುಗಳ ಮೇಲೆ ಸಿಡಿ28 ಎಂಬ ಪ್ರೋಟೀನ್ ಇದೆ. ಆ ಕೋಶಗಳನ್ನು ಕೆಲಸಕ್ಕೆ ಎಬ್ಬಿಸುವ ಒಂಥರಾ ಸ್ವಿಚ್ ಅನ್ನಿ. ಈ ಔಷಧಿ ಆ ಸ್ವಿಚ್ಚನ್ನು ನೇರವಾಗಿ ಒತ್ತುತ್ತದೆ. ಪ್ರಯೋಗಕ್ಕೆ ಬಳಸಿದ ಮಂಗಗಳಲ್ಲಿ, ಹಿಂದೆ ಸೋಂಕು ಕಂಡು ಪಳಗಿದ ಒಂದು ಬಗೆಯ ಟಿ ಕೋಶಗಳ ಮೇಲೆ ಆ ಸ್ವಿಚ್ ಉಳಿದಿರುವುದೇ ಇಲ್ಲ. ನಮ್ಮಲ್ಲಿ ಇದೆ. ಹಾಗಾಗಿ ಮಂಗಗಳು ಸುಮ್ನೆ ಕೂತಿದ್ದವು, ಮನುಷ್ಯರ ದೇಹದಲ್ಲಿ ಉರಿಯೂತದ ರಾಸಾಯನಿಕಗಳು ಒಟ್ಟಿಗೇ ನುಗ್ಗಿದವು. ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಮೊದಲನೆಯವನಿಗೆ ಏನಾಗುತ್ತದೆ ಅಂತ ಕಾದು ನೋಡದೆ, ಕೆಲವೇ ನಿಮಿಷಗಳ ಅಂತರದಲ್ಲಿ ಉಳಿದವರಿಗೂ ಕೊಟ್ಟಿದ್ದರು. ಈಗ ಇಂಥ ಹೊಸ ಔಷಧಿಯನ್ನು ಮೊದಲು ಒಬ್ಬರಿಗೆ ಕೊಟ್ಟು ಕಾಯುತ್ತಾರೆ.

ಇಷ್ಟೆಲ್ಲ ದಾಟಿದ ಮೇಲೂ ಒಂದು ಬಲೆ ಇದೆ. ಔಷಧಿ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಯೂ ರೋಗಿಗೆ ಕೆಡುಕು ಮಾಡಬಹುದು. ಫೈಜರ್ ಕಂಪನಿಯ ಟಾರ್ಸೆಟ್ರಾಪಿಬ್ ಇದಕ್ಕೆ ಉದಾಹರಣೆ. "ಒಳ್ಳೆಯ ಕೊಲೆಸ್ಟರಾಲ್" ಅಂತ ಕರೆಯುವ ಎಚ್‌ಡಿಎಲ್ ಏರಿಸುವುದು ಅದರ ಕೆಲಸ. ಏರಿಸಿತು ಕೂಡ, ಸುಮಾರು ಶೇ 70ರಷ್ಟು. ಹೃದಯಾಘಾತ ಕಡಿಮೆಯಾಗಬೇಕಿತ್ತು, ಅಲ್ವಾ? ಸುಮಾರು 15,000 ಜನರ ಪ್ರಯೋಗವನ್ನು 2006ರ ಡಿಸೆಂಬರ್‌ನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧಿ ತೆಗೆದುಕೊಂಡವರಲ್ಲಿ 82 ಮಂದಿ ಸತ್ತಿದ್ದರು, ತೆಗೆದುಕೊಳ್ಳದವರಲ್ಲಿ 51. ಔಷಧಿ ಬಿಪಿಯನ್ನೂ ದೇಹದಲ್ಲಿ ಉಪ್ಪು ಹಿಡಿದಿಡುವ ಆಲ್ಡೋಸ್ಟಿರಾನ್ ಹಾರ್ಮೋನನ್ನೂ ಏರಿಸುತ್ತಿತ್ತು. ಅನುಮತಿಗೆ ಮುಂಚಿನ ದೊಡ್ಡ ಪರೀಕ್ಷೆಯಾದ, ಸಾವಿರಾರು ಜನರ ಮೂರನೇ ಹಂತದ ಪ್ರಯೋಗಕ್ಕೆ ವರ್ಷಗಟ್ಟಲೆ ಹಿಡಿಯುವುದು ಇದಕ್ಕೇ. ರಕ್ತ ಪರೀಕ್ಷೆಯ ಅಂಕಿ ಚೆನ್ನಾಗಿದ್ದರೆ ಸಾಲದು, ಜನ ಬದುಕುತ್ತಾರಾ ಅಂತ ನೋಡಬೇಕು. ಬೇಗ ನೋಡುವ ದಾರಿ ಇಲ್ಲ.

ಹಣದ ಕಾರಣಕ್ಕೆ ನಿಂತುಹೋಗುವ ಔಷಧಿಗಳೂ ಇವೆ, ಅದು ಸುಳ್ಳಲ್ಲ. ದಾರಿ ಬದಲಿಸಿದವೂ ಇವೆ. ಯುಕೆ-92480 ಅಂತ ಬರೀ ನಂಬರ್ ಹೊತ್ತುಕೊಂಡಿದ್ದ ಒಂದು ಔಷಧಿಯನ್ನು ಎದೆನೋವಿಗೆ ಅಂತ ಪರೀಕ್ಷಿಸುತ್ತಿದ್ದರು. ಅದರಲ್ಲಿ ಅಷ್ಟೇನೂ ಸಫಲವಾಗಲಿಲ್ಲ. ಆದರೆ ಪ್ರಯೋಗಕ್ಕೆ ಬಂದ ಗಂಡಸರು ಬೇರೊಂದು ಪರಿಣಾಮದ ಬಗ್ಗೆ ಹೇಳಿದರು. 1998ರಲ್ಲಿ ಅದು ವಯಾಗ್ರ ಆಗಿ ಮಾರುಕಟ್ಟೆಗೆ ಬಂತು.

ಹಾಗಾಗಿ ಮುಂದಿನ ಸಲ ಅಂಥ ಸುದ್ದಿ ಕಂಡರೆ, ಯಾವ ಪ್ರಾಣಿ, ಯಾವ ಹಂತ ಅಂತ ಹುಡುಕಿ. ಎರಡೂ ಬರೆದಿಲ್ಲ ಅಂದರೆ ನಾನಂತೂ ಮುಂದೆ ಓದುವುದಿಲ್ಲ.

ಅಂದಹಾಗೆ, ಆ ಟಿಜಿಎನ್1412 ಕೂಡ ಪೂರ್ತಿ ಕಣ್ಮರೆಯಾಗಲಿಲ್ಲ. ಕೆಲವು ವರ್ಷಗಳ ನಂತರ ಹೊಸ ಹೆಸರಿನಲ್ಲಿ ರಷ್ಯಾದಲ್ಲಿ ಮತ್ತೆ ಪ್ರಯೋಗಕ್ಕೆ ಇಳಿಯಿತು. ಈ ಸಲ ಶುರು ಮಾಡಿದ್ದು ಲಂಡನ್ನಿನಲ್ಲಿ ಕೊಟ್ಟ ಡೋಸಿನ ಸಾವಿರದಲ್ಲಿ ಒಂದು ಪಾಲಿನಿಂದ.